ಕಿವಿ ಹಕ್ಕಿಯ ಮರಿಗೆ ಮದ್ದು ಕೊಟ್ಟರೂ ಕಾಕ್ಸಿಡಿಯಾ (ಕರುಳಲ್ಲಿ ಬೆಳೆಯುವ ಪರಾವಲಂಬಿ ಸೂಕ್ಷ್ಮಜೀವಿ) ಮತ್ತೆ ಬರುತ್ತಿದೆ, ಯಾಕೆ?

ಹೊಸಕಾಡು:
ನಾನಿರುವುದು ನ್ಯೂಜಿಲೆಂಡಿನ ಉತ್ತರ ದ್ವೀಪದಲ್ಲಿ. ಶನಿವಾರ ಕಿವಿ ಹಕ್ಕಿಯ ಮರಿ ಸಾಕುವ ಕಡೆ ಸಹಾಯಕ್ಕೆ ಹೋಗುತ್ತೇನೆ. (ಕಿವಿಗೆ ಹುಷಾರಿಲ್ಲ ಅಂದರೆ ಅಮ್ಮ ಫೋನಲ್ಲೇ, "ಎಣ್ಣೆ ಬೆಚ್ಚಗೆ ಮಾಡಿ ಬಿಡು" ಅಂದರು.) ಕಾಡಲ್ಲಿ ಹಾಗೇ ಬಿಟ್ಟರೆ ನೂರರಲ್ಲಿ ಸುಮಾರು 95 ಮರಿ ದೊಡ್ಡವಾಗುವುದೇ ಇಲ್ಲ, ಸ್ಟೋಟ್ ಅನ್ನುವ ಮುಂಗುಸಿಯಂಥ ಪ್ರಾಣಿಯ ಕಾಟ ಜಾಸ್ತಿ. ಅದಕ್ಕೇ ಮೊಟ್ಟೆ ತಂದು ಮರಿ ಮಾಡಿಸಿ, ಒಂದು ಕೆಜಿ ದಾಟಿದ ಮೇಲೆ ಬಿಡುತ್ತಾರೆ. ನಾನು ನೋಡಿಕೊಳ್ಳುವ ಮರಿ ಮೂರೇ ದಿನಕ್ಕೆ 40 ಗ್ರಾಂ ಇಳಿಯಿತು. ಹಿಕ್ಕೆ ನೀರು ನೀರು. ಕಾಕ್ಸಿಡಿಯಾ ಅಂತ ಅದರ ಮದ್ದು ಟಾಲ್ಟ್ರಜುರಿಲ್ ಕೊಟ್ಟರು, ಚೇತರಿಸಿಕೊಂಡಿತು. ಮೂರು ವಾರಕ್ಕೆ ಮತ್ತೆ ಅದೇ ಕಥೆ. ಮದ್ದು ನಾಟುತ್ತಿಲ್ವಾ?

ಕೋಳಿಶೆಡ್ಡು:
ಕಿವಿ ಕಂಡಿಲ್ಲ, ಆದರೆ ಹದಿನಾಲ್ಕು ವರ್ಷದಿಂದ ದೊಡ್ಡಬಳ್ಳಾಪುರದ ಹತ್ತಿರ ಕೋಳಿ ಸಾಕಿದ್ದೇನೆ. ನಮ್ಮಲ್ಲಿ ಇದಕ್ಕೆ ರಕ್ತಭೇದಿ ಅನ್ನುತ್ತೇವೆ. ಮರಿ ಆಮೇಲೆ, ಮೊದಲು ನೆಲ ನೋಡಿ. ಲಿಟರ್ (ನೆಲಕ್ಕೆ ಹಾಸಿದ್ದು) ಒಂದು ಹಿಡಿ ತೆಗೆದು ಹಿಂಡಿ. ಉಂಡೆ ಕಟ್ಟಿದರೆ ಕೆಟ್ಟಿದೆ ಅಂತಲೇ ಲೆಕ್ಕ. ಫಿನಾಯಿಲ್ ಹೊಡೆದು ನಾನೂ ಎರಡು ಬ್ಯಾಚ್ ಕಳೆದುಕೊಂಡಿದ್ದೇನೆ, ಇದು ಅದಕ್ಕೆಲ್ಲ ಸಾಯಲ್ಲ.

ಸೂಕ್ಷ್ಮದರ್ಶಕ:
ಅಣ್ಣ ಹೇಳಿದ್ದು ಸರಿ. ಆದರೆ ಕೋಳಿಯದು ಕಿವಿಗೆ ಅಂಟಲ್ಲ. ಕಿವಿಗೆ ತನ್ನದೇ ಐಮೀರಿಯಾ (ಕಾಕ್ಸಿಡಿಯಾದ ಒಂದು ಕುಲ) ಜಾತಿಗಳಿವೆ, ಕರುಳಷ್ಟೇ ಅಲ್ಲ, ಕಿಡ್ನಿಯಲ್ಲೂ ಸಿಕ್ಕಿವೆ. ಹಿಕ್ಕೆಯಲ್ಲಿ ಬೀಳುವ ಊಸಿಸ್ಟ್ (ಇದರ ಮೊಟ್ಟೆಯಂಥ ಗಟ್ಟಿ ಕೋಶ) ತಕ್ಷಣ ರೋಗ ತರಲ್ಲ. ತೇವ, ಬಿಸುಪು, ಗಾಳಿ ಸಿಕ್ಕಿ ಬಲಿಯಬೇಕು. ಕಿವಿಗೆ ಮೂಗಿನ ಹೊಳ್ಳೆ ಕೊಕ್ಕಿನ ತುದಿಯಲ್ಲಿ, ರಾತ್ರಿಯೆಲ್ಲ ಮಣ್ಣಿಗೆ ಚುಚ್ಚಿ ಮೂಸುವುದೇ ಕೆಲಸ. ಕಾಡಲ್ಲಿ ಒಂದೇ ಹಿಡಿ ಮಣ್ಣನ್ನು ಇಷ್ಟು ಮರಿಗಳು ಕೆದಕುವುದಿಲ್ಲ ಅಲ್ವಾ? ಮದ್ದು ಹೊಟ್ಟೆಯೊಳಗಿನದಕ್ಕೆ, ಮಣ್ಣಿನಲ್ಲಿರುವುದಕ್ಕಲ್ಲ. ಆ ಜಾಗದಲ್ಲಿ ಹಿಂದೆ ಎಷ್ಟು ಮರಿ ಇದ್ದವು, ಕೇಳಿ. ಮರಿ ಇರುವ ಪೆಟ್ಟಿಗೆಯನ್ನು ಖಾಲಿ ಮಾಡಿ ಬಿಸಿ ಹಬೆ ಹಿಡಿಯಲಿ, ಹಿಕ್ಕೆ ದಿನಾ ಎತ್ತಲಿ, ಅಂಗಳಕ್ಕೆ ಸ್ವಲ್ಪ ಕಾಲ ರಜೆ ಕೊಡಲಿ.

ಹೊಸಕಾಡು:
ಇವತ್ತು ಹಿಂಡಿ ನೋಡಿದೆ. ನೀರಿನ ತಟ್ಟೆ ಪಕ್ಕ ಲಡ್ಡು ಥರ ಉಂಡೆ ಕಟ್ಟಿತು! ಆ ಅಂಗಳದಲ್ಲಿ ಈ ಸೀಸನ್ನಿಗೆ ಇದು ಐದನೇ ಮರಿಯಂತೆ, ನಾನು ಕೇಳುವವರೆಗೆ ಯಾರೂ ಬಾಯಿ ಬಿಟ್ಟಿರಲಿಲ್ಲ. ಮರಿಯನ್ನು ಬೇರೆ ಕಡೆ ಹಾಕಿದ್ದಾರೆ. ತೂಕ 412 ಗ್ರಾಂ. ಮುಂದಿನ ಶನಿವಾರ ತೂಗಿ ಬರೆಯುತ್ತೇನೆ.