ಟೋಕನ್ ಬರುತ್ತದೆ, ಚಿತ್ರ ಬರುವುದಿಲ್ಲ: ಮಾರಿಕಣಿವೆ ನಕ್ಷೆಗೆ ಸೆಂಟಿನೆಲ್‌ಹಬ್ ಪೈಥಾನ್ ಸೆಟಪ್

ಪ್ರಶ್ನೆ, ಹಿರಿಯೂರಿನಿಂದ:
ಎಲ್ಲರಿಗೂ ನಮಸ್ಕಾರ. ನಮ್ಮ ತೋಟ ಮಾರಿಕಣಿವೆ (ವಾಣಿ ವಿಲಾಸ ಸಾಗರ) ಅಣೆಕಟ್ಟಿನ ನಾಲೆಯನ್ನೇ ನಂಬಿದೆ. 1933 ಆದಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲೇ ಅಲ್ವಾ? ಆಗ ನೀರು ಎಲ್ಲಿವರೆಗೆ ಹರಡಿತ್ತು, 2019ರ ಬೇಸಿಗೆಯಲ್ಲಿ ಎಷ್ಟಿತ್ತು ಅಂತ ಅಪ್ಪನಿಗೆ ನಕ್ಷೆಯಲ್ಲಿ ತೋರಿಸಬೇಕು. ಯುರೋಪಿನ ಉಪಗ್ರಹ ಚಿತ್ರಗಳು ಸಿಗುವ ಕೋಪರ್ನಿಕಸ್ ಡೇಟಾ ಸ್ಪೇಸ್‌ನಲ್ಲಿ ಖಾತೆ ಮಾಡಿದೆ. ಆ ಚಿತ್ರ ತರಿಸುವ ಸೆಂಟಿನೆಲ್‌ಹಬ್ ಪೈಥಾನ್ ಲೈಬ್ರರಿ ಪಿಪ್‌ನಿಂದ ಹಾಕಿಕೊಂಡೆ. ಕ್ಲೈಂಟ್ ಐಡಿ, ಸೀಕ್ರೆಟ್, ಟೋಕನ್ ಯುಆರ್‌ಎಲ್, ಬೇಸ್ ಯುಆರ್‌ಎಲ್ ನಾಲ್ಕನ್ನೂ ಅದರ ಸೆಟ್ಟಿಂಗ್ಸ್ ಆದ ಎಸ್‌ಎಚ್‌ಕಾನ್ಫಿಗ್‌ನಲ್ಲಿ ತುಂಬಿದ್ದೇನೆ. ಟೋಕನ್, ಅಂದರೆ ಒಳಗೆ ಹೋಗುವ ಚೀಟಿ, ಬರುತ್ತದೆ. ಚಿತ್ರ ಕೇಳಿದರೆ 401, ಅಂದರೆ ಗುರುತು ಒಪ್ಪಲಿಲ್ಲ ಅನ್ನುವ ಎರರ್. ಎರಡು ರಾತ್ರಿ ಕೂತರೂ ಹೊಳೆಯಲಿಲ್ಲ. ಸ್ಕ್ರೀನ್‌ಶಾಟ್ ಹಾಕಿದ್ದೇನೆ, ದಯವಿಟ್ಟು ನೋಡಿ.

ಉತ್ತರ, ದಾವಣಗೆರೆಯಿಂದ:
ಮೊದಲು ಸ್ಕ್ರೀನ್‌ಶಾಟ್ ತೆಗೆಯಿರಿ. ನಿಮ್ಮ ಸೀಕ್ರೆಟ್ ಪೂರ್ತಿ ಕಾಣುತ್ತಿದೆ. ಚಿತ್ರ ತೆಗೆದರೆ ಸಾಲದು, ಆ ಕ್ಲೈಂಟನ್ನೇ ಅಳಿಸಿ ಹೊಸದು ಮಾಡಿ. ಸೀಕ್ರೆಟ್ ಒಂದೇ ಸಲ ತೋರಿಸುತ್ತಾರೆ, ಆಗಲೇ ಬರೆದಿಟ್ಟುಕೊಳ್ಳಿ.

ಈಗ 401. ನಿಮ್ಮ ಕಾನ್ಫಿಗ್ ಸರಿಯಾಗಿದೆ, ತಪ್ಪಿರುವುದು ಯಾವ ಉಪಗ್ರಹದ ಚಿತ್ರ ಬೇಕು ಅಂತ ಹೇಳುವ ಡೇಟಾಕಲೆಕ್ಷನ್ ಸಾಲಿನಲ್ಲಿ. ನೀವು ಸೆಂಟಿನೆಲ್-2 ಎಲ್2ಎ ಕಲೆಕ್ಷನ್ ಇದ್ದ ಹಾಗೇ ಬಳಸಿದ್ದೀರಿ. ಅದರೊಳಗೆ ಸೆಂಟಿನೆಲ್ ಹಬ್‌ನ ಮೂಲ ಸರ್ವರ್ ವಿಳಾಸ ಮೊದಲೇ ಕೂತಿರುತ್ತದೆ. ನೀವು ಟೋಕನ್ ತಂದದ್ದು ಕೋಪರ್ನಿಕಸ್‌ನಿಂದ, ಅದನ್ನು ತೋರಿಸುತ್ತಿರುವುದು ಬೇರೆ ಬಾಗಿಲಲ್ಲಿ. ಅವರು ಒಳಗೆ ಬಿಡುವುದಿಲ್ಲ. ಆ ಕಲೆಕ್ಷನ್ ಮೇಲೆ ಡಿಫೈನ್‌ಫ್ರಮ್ ಕರೆದು, ಒಂದು ಹೊಸ ಹೆಸರು ಕೊಟ್ಟು, ಸರ್ವಿಸ್ ಯುಆರ್‌ಎಲ್ ಜಾಗದಲ್ಲಿ ನಿಮ್ಮ ಕಾನ್ಫಿಗ್‌ನ ಬೇಸ್ ಯುಆರ್‌ಎಲ್ಲನ್ನೇ ಹಾಕಿ. ಮುಂದೆ ಆ ಹೊಸ ಕಲೆಕ್ಷನ್ ಬಳಸಿ. ವಿಳಾಸ ಎರಡು ಕಡೆ ಇರಬೇಕು ಅನ್ನುವುದು ಸುಮ್ನೆ ನೋಡಿದರೆ ಗೊತ್ತೇ ಆಗುವುದಿಲ್ಲ. ನನಗೂ ಸೂಳೆಕೆರೆ ಚಿತ್ರ ತೆಗೆಯುವಾಗ ಹೀಗೇ ಆಗಿತ್ತು.

ಹಿರಿಯೂರಿನಿಂದ:
401 ಹೋಯಿತು ಅಣ್ಣಾ, ತುಂಬಾ ಥ್ಯಾಂಕ್ಸ್. ಆದರೆ ಚಿತ್ರ ಬರೀ ಕಪ್ಪು. ಬಿಬಾಕ್ಸ್‌ಗೆ, ಅಂದರೆ ಬೇಕಾದ ಜಾಗದ ಚೌಕಕ್ಕೆ, 13.75, 76.3, 13.92, 76.5 ಕೊಟ್ಟಿದ್ದೇನೆ.

ದಾವಣಗೆರೆಯಿಂದ:
ತಿರುಗಾಮುರುಗಾ ಆಗಿದೆ. ನಾವು ಬಾಯಲ್ಲಿ ಅಕ್ಷಾಂಶ ಮೊದಲು ಹೇಳುತ್ತೇವೆ, ಈ ಲೈಬ್ರರಿಗೆ ರೇಖಾಂಶ ಮೊದಲು ಬೇಕು. ನೀವು ಕೇಳಿದ ಜಾಗ ಆರ್ಕ್ಟಿಕ್‌ನಲ್ಲಿದೆ, ಸ್ವಾಲ್‌ಬಾರ್ಡ್ ಪಕ್ಕದ ಸಮುದ್ರ! 76.3, 13.75, 76.5, 13.92 ಅಂತ ಕೊಡಿ. 10 ಮೀಟರ್ ರೆಸಲ್ಯೂಷನ್‌ನಲ್ಲಿ ಅಗಲ 2,200 ಪಿಕ್ಸೆಲ್ ಒಳಗೆ ಬರುತ್ತದೆ. ಒಂದು ಸಲಕ್ಕೆ 2,500 ದಾಟುವ ಹಾಗಿಲ್ಲ. ಜಾಗ ಜಾಸ್ತಿ ಬೇಕಾದರೆ ತುಂಡು ಮಾಡಿ ತರಬೇಕು.

ಇನ್ನೊಂದು ಉತ್ತರ, ಚಿತ್ರದುರ್ಗದಿಂದ:
ಕೋಡಿ ಬಿದ್ದದ್ದು ಸೆಪ್ಟೆಂಬರ್‌ನಲ್ಲಿ, ಆಗ ಮೋಡ ಇರುತ್ತದೆ. ಒಂದೇ ದಿನ ಕೇಳಬೇಡಿ. ಡಿಸೆಂಬರ್‌ವರೆಗೆ ಅವಧಿ ಕೊಟ್ಟು, ಮೊಸಾಯಿಕಿಂಗ್ ಆರ್ಡರ್‌ನಲ್ಲಿ ಲೀಸ್ಟ್ ಸಿಸಿ ಆರಿಸಿ, ಮೋಡ ಕಡಿಮೆ ಇರುವ ದಿನದ್ದು ಮೇಲೆ ಬರುತ್ತದೆ. ಬಣ್ಣದ ಚಿತ್ರದಲ್ಲಿ ಕೆಸರು ನೀರು ಮಣ್ಣಿನ ಹಾಗೇ ಕಾಣುತ್ತದೆ. ಅದಕ್ಕೆ ನೀರು ಗುರುತಿಸುವ ಸೂಚ್ಯಂಕ ಎನ್‌ಡಿಡಬ್ಲ್ಯುಐ ಮಾಡಿ: ಬಿ03ರಲ್ಲಿ (ಹಸಿರು ಬೆಳಕು) ಬಿ08 (ಇನ್‌ಫ್ರಾರೆಡ್) ಕಳೆದು, ಎರಡರ ಮೊತ್ತದಿಂದ ಭಾಗಿಸಿ. ನೀರು ಇನ್‌ಫ್ರಾರೆಡ್ ಬೆಳಕನ್ನು ಹೀರಿಕೊಳ್ಳುವುದರಿಂದ ನೀರಿದ್ದಲ್ಲಿ ಸಾಮಾನ್ಯವಾಗಿ ಸೊನ್ನೆಗಿಂತ ಮೇಲೆ ಬರುತ್ತದೆ.

ಹಿರಿಯೂರಿನಿಂದ:
ಬಂತು! ಎರಡು ನಕ್ಷೆ ಅಕ್ಕಪಕ್ಕ ಇಟ್ಟು ಅಪ್ಪನಿಗೆ ತೋರಿಸಿದೆ. ಹೊಸದುರ್ಗದ ಕಡೆಯ ಹಿನ್ನೀರಿನ ಮೇಲೆ ಬೆರಳಿಟ್ಟು, ಇಷ್ಟು ದೂರ ಬಂದಿತ್ತಾ ಅಂತ ಎರಡು ಸಲ ಕೇಳಿದರು. ಇನ್ನು ಹೆಕ್ಟೇರ್ ಲೆಕ್ಕ ಹಾಕಬೇಕು. ಅದಕ್ಕೆ ಬೇರೆ ಪ್ರಶ್ನೆ ಹಾಕುತ್ತೇನೆ.