ಬೆಳಗಿನ ಗಟ್ಟಿ ಹಿಮಕ್ಕೂ ಮಧ್ಯಾಹ್ನದ ಕಲಸಿದ ಹಿಮಕ್ಕೂ ಒಂದೇ ಜೋಡಿ ಕಾರ್ವಿಂಗ್ ಸ್ಕೀ: ನಡುವಿನ ಅಗಲ ಎಷ್ಟಿರಬೇಕು?

ಮ್ಯೂನಿಕ್ ವಾಸಿ (ಪ್ರಶ್ನೆ)

ನಾನು ಮ್ಯೂನಿಕ್‌ನಲ್ಲಿ ನೆಲೆಸಿದ್ದು, ಚಳಿಗಾಲದ ವಾರಾಂತ್ಯಗಳಲ್ಲಿ ಹೆಚ್ಚಾಗಿ ಆಸ್ಟ್ರಿಯಾದ ಟಿರೋಲ್ ಪ್ರಾಂತ್ಯಕ್ಕೆ, ಅದರಲ್ಲೂ ಕಿಟ್ಸ್‌ಬ್ಯೂಹೆಲ್ ಮತ್ತು ವಿಲ್ಡರ್ ಕೈಸರ್ ಸುತ್ತಲಿನ ಇಳಿಜಾರುಗಳಿಗೆ ಹೋಗುತ್ತೇನೆ. ಇದುವರೆಗೆ ಬಾಡಿಗೆ ಸ್ಕೀಗಳಲ್ಲೇ ಕಲಿತಿದ್ದೇನೆ. ನೀಲಿ (ಸುಲಭ) ಮತ್ತು ಕೆಂಪು (ಮಧ್ಯಮ) ಗುರುತಿನ ಇಳಿಜಾರುಗಳಲ್ಲಿ ಎರಡೂ ಸ್ಕೀಗಳನ್ನು ಸಮಾನಾಂತರವಾಗಿಟ್ಟು ತಿರುಗುವುದು ಸಲೀಸಾಗಿದೆ. ಆದರೆ ಹಿಮ್ಮಡಿ ಪಕ್ಕಕ್ಕೆ ಜಾರದಂತೆ, ಅಂಚಿನ ಮೇಲೆಯೇ ನಿಂತು ತಿರುವನ್ನು ಪೂರ್ತಿ ಮುಗಿಸುವುದು, ಅಂದರೆ ಕಾರ್ವಿಂಗ್, ಇನ್ನೂ ಅರೆಬರೆಯಾಗಿಯೇ ಉಳಿದಿದೆ. ಎತ್ತರ 174 ಸೆಂ.ಮೀ., ತೂಕ 78 ಕೆ.ಜಿ.

ಈ ವರ್ಷ ಸ್ವಂತ ಜೋಡಿಯನ್ನು ಕೊಳ್ಳಬೇಕೆಂದಿರುವಾಗ ಒಂದು ಅಂಗಡಿಯವರು ನಡುವಿನ (ಪಾದದ ಕೆಳಗಿನ) ಅಗಲ 68 ಮಿ.ಮೀ. ಇರುವ, ಸ್ಲಾಲೋಮ್ (ಚಿಕ್ಕ ತಿರುವುಗಳ ಸ್ಪರ್ಧೆಯ) ಮಾದರಿಯ ಸ್ಕೀಯನ್ನೂ ಇನ್ನೊಂದು ಅಂಗಡಿಯವರು 84 ಮಿ.ಮೀ.ನ ಆಲ್‌ಮೌಂಟನ್ (ಎಲ್ಲ ಬಗೆಯ ಹಿಮಕ್ಕೂ ಬಳಸುವ) ಸ್ಕೀಯನ್ನೂ ಸೂಚಿಸಿದ್ದಾರೆ. ರಾತ್ರಿ ಯಂತ್ರಗಳು ಹದಗೊಳಿಸಿದ ಇಳಿಜಾರು ಬೆಳಿಗ್ಗೆ ಗಟ್ಟಿಯಾಗಿರುತ್ತದೆ; ಮಾರ್ಚ್ ತಿಂಗಳಾದರೆ ಅದೇ ಜಾಗ ಮಧ್ಯಾಹ್ನದ ಹೊತ್ತಿಗೆ ಒದ್ದೆ ಹಿಮದ ಗುಡ್ಡೆಗಳಿಂದ ತುಂಬಿರುತ್ತದೆ. ಒಂದೇ ಜೋಡಿ ಇಟ್ಟುಕೊಳ್ಳುವವನು ಯಾವ ಅಗಲ, ಯಾವ ಉದ್ದ, ಪಾರ್ಶ್ವದ ಬಾಗು ಎಷ್ಟು ತ್ರಿಜ್ಯದ್ದಾಗಿರುವ ಸ್ಕೀ ಆರಿಸಬೇಕು?

ಇನ್ಸ್‌ಬ್ರುಕ್‌ನಿಂದ

ಇಬ್ಬರೂ ಎರಡು ತುದಿಗಳನ್ನು ತೋರಿಸಿದ್ದಾರೆ. ನಿಮ್ಮ ವರ್ಣನೆಯನ್ನು ಓದಿದರೆ 72ರಿಂದ 78 ಮಿ.ಮೀ. ನಡುವೆ ಹುಡುಕುವುದು ಸರಿಯೆನಿಸುತ್ತದೆ. ಆ ವ್ಯಾಪ್ತಿಯಲ್ಲೂ ನನ್ನ ಒಲವು ಕಿರಿದಾದ ಕಡೆಗೇ ಇದೆ.

ಕಾರಣ ಸರಳವಾದ ಯಂತ್ರಶಾಸ್ತ್ರ. ಗಟ್ಟಿ ಹಿಮದಲ್ಲಿ ಸ್ಕೀ ಓರೆಯಾದಾಗ ಇಡೀ ಭಾರವು ಉಕ್ಕಿನ ಅಂಚಿನ ಮೇಲೆಯೇ ನಿಲ್ಲುತ್ತದೆ. 68 ಮಿ.ಮೀ. ಸ್ಕೀಯಲ್ಲಿ ಆ ಅಂಚು ಪಾದದ ಮಧ್ಯರೇಖೆಯಿಂದ 34 ಮಿ.ಮೀ. ದೂರದಲ್ಲಿದ್ದರೆ, 84 ಮಿ.ಮೀ. ಸ್ಕೀಯಲ್ಲಿ 42 ಮಿ.ಮೀ. ದೂರದಲ್ಲಿರುತ್ತದೆ. ಈ ದೂರ ಹೆಚ್ಚಿದಷ್ಟೂ ಹಿಮದ ಪ್ರತಿಬಲವು ಸ್ಕೀಯನ್ನು ಮತ್ತೆ ಚಪ್ಪಟೆಯಾಗಿ ಮಲಗಿಸಲು ನೋಡುತ್ತದೆ, ಅದನ್ನು ತಡೆದು ಹಿಡಿಯುವ ಕೆಲಸ ಮೊಣಕಾಲಿನ ಮೇಲೆ ಬೀಳುತ್ತದೆ. ಒಂದು ಅಂಚಿನಿಂದ ಇನ್ನೊಂದಕ್ಕೆ ಬದಲಾಯಿಸುವುದೂ ನಿಧಾನವಾಗುತ್ತದೆ. ಕಾರ್ವಿಂಗ್ ಇನ್ನೂ ಕೈಗೂಡದವರಿಗೆ ಅಗಲ ಸ್ಕೀ ಕೊಟ್ಟರೆ, ಅವರು ಅರಿವಿಲ್ಲದೆಯೇ ಹಿಮ್ಮಡಿ ಜಾರಿಸಿ ತಿರುಗುವ ಹಳೆಯ ಅಭ್ಯಾಸಕ್ಕೆ ಮರಳುತ್ತಾರೆ ಎಂಬುದು ಇಲ್ಲಿ ಬಾಡಿಗೆ ಅಂಗಡಿಯಲ್ಲಿ ಕೆಲಸ ಮಾಡುವಾಗ ನಾನು ಮತ್ತೆ ಮತ್ತೆ ಕಂಡ ಸಂಗತಿ.

ಹಾಗೆಂದು 68ರ ಸ್ಲಾಲೋಮ್ ಮಾದರಿಯನ್ನೂ ನಾನು ಸೂಚಿಸುವುದಿಲ್ಲ. ಅವುಗಳ ತ್ರಿಜ್ಯ ಸಾಮಾನ್ಯವಾಗಿ 11ರಿಂದ 13 ಮೀಟರ್ ಇರುತ್ತದೆ, ಮುಂದಿನ ತುದಿ ನಡುವಿಗಿಂತ ಬಹಳ ಅಗಲವಾಗಿರುತ್ತದೆ. ಬೆಳಿಗ್ಗೆ ಇದು ಅದ್ಭುತ. ಮಧ್ಯಾಹ್ನದ ಗುಡ್ಡೆಗಳಲ್ಲಿ ಅದೇ ತುದಿ ಹಿಮಕ್ಕೆ ಸಿಕ್ಕಿಕೊಂಡು, ನೀವು ಕೇಳದ ತಿರುವನ್ನೂ ಕೊಡುತ್ತದೆ. 14ರಿಂದ 16 ಮೀಟರ್ ತ್ರಿಜ್ಯ, ಮುಂತುದಿಯಲ್ಲಿ ಸ್ವಲ್ಪ ರಾಕರ್ (ಮೇಲಕ್ಕೆ ಏರುವ ಬಾಗು), ಪಾದದ ಕೆಳಗೆ ಕ್ಯಾಂಬರ್ (ನೆಲದಿಂದ ಎದ್ದು ನಿಲ್ಲುವ ಕಮಾನು) ಇರುವ ಸ್ಕೀಯನ್ನು ನೋಡಿ. ಉದ್ದ 165ರಿಂದ 170 ಸೆಂ.ಮೀ. ಸಾಕು.

ಜ್ಯೂರಿಕ್‌ನಿಂದ

ಮೇಲಿನವರ ಲೆಕ್ಕ ಸರಿಯಾಗಿದೆ, ಆದರೆ ಅಗಲವೊಂದನ್ನೇ ಹಿಡಿದುಕೊಂಡರೆ ಸ್ಕೀಯ ಅರ್ಧ ಸ್ವಭಾವ ಕಣ್ಣಿಗೆ ಬೀಳುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಒಳಗೆ ಟೈಟನಾಲ್ ಎಂಬ ಅಲ್ಯೂಮಿನಿಯಂ ಮಿಶ್ರಲೋಹದ ಎರಡು ಪೂರ್ಣ ಪದರಗಳಿರುವ 80 ಮಿ.ಮೀ. ಸ್ಕೀಯು, ಲೋಹವಿಲ್ಲದ 72 ಮಿ.ಮೀ. ಸ್ಕೀಗಿಂತ ಮಂಜುಗಡ್ಡೆಯಂಥ ಇಳಿಜಾರಿನಲ್ಲಿ ಚೆನ್ನಾಗಿ ಹಿಡಿಯಬಹುದು. ಏಕೆಂದರೆ ಅಲ್ಲಿ ಮುಖ್ಯವಾಗುವುದು ಸ್ಕೀಯು ತನ್ನ ಉದ್ದಕ್ಕೂ ತಿರುಚಿಕೊಳ್ಳದೆ ಉಳಿಯುವ ಬಿಗುವು. ಅದೇ ಲೋಹ ಕಲಸಿದ ಹಿಮದಲ್ಲಿ ಅದುರುವಿಕೆಯನ್ನೂ ತಗ್ಗಿಸುತ್ತದೆ. ಆದರೆ ಅದು ತೂಕವನ್ನು ಹೆಚ್ಚಿಸುತ್ತದೆ ಮತ್ತು ಸವಾರನಿಂದ ವೇಗವನ್ನೂ ಬಲವನ್ನೂ ಬೇಡುತ್ತದೆ. 78 ಕೆ.ಜಿ. ತೂಕವಿರುವವರು ಇದಕ್ಕೆ ಹೆದರಬೇಕಿಲ್ಲ.

ತ್ರಿಜ್ಯದ ವಿಷಯವನ್ನೂ ಸ್ವಲ್ಪ ಬಿಡಿಸಿ ಹೇಳಬೇಕು. ಸ್ಕೀಯ ಮೇಲೆ ಅಚ್ಚಾಗಿರುವ ಸಂಖ್ಯೆ ಪಾರ್ಶ್ವದ ಬಾಗಿನ ಜ್ಯಾಮಿತಿಯನ್ನು ಹೇಳುತ್ತದೆಯೇ ಹೊರತು ನೀವು ಬಿಡಿಸುವ ತಿರುವನ್ನಲ್ಲ. ಸ್ಕೀಯನ್ನು ಓರೆ ಮಾಡಿದಂತೆಲ್ಲ ಅದು ಹೆಚ್ಚು ಬಾಗಿ, ತಿರುವು ಆ ಕೋನದ ಕೊಸೈನ್‌ನ ಪ್ರಮಾಣದಲ್ಲಿ ಚಿಕ್ಕದಾಗುತ್ತದೆ: 16 ಮೀಟರಿನ ಸ್ಕೀಯನ್ನು 30 ಡಿಗ್ರಿ ಓರೆ ಮಾಡಿದರೆ ಸುಮಾರು 14 ಮೀಟರಿನ, 60 ಡಿಗ್ರಿ ಓರೆ ಮಾಡಿದರೆ 8 ಮೀಟರಿನ ತಿರುವು ಬರಬೇಕು. ಇದು ಗಟ್ಟಿ ಹಿಮದ ಮೇಲಿನ ಆದರ್ಶ ಲೆಕ್ಕ, ನಿಜ. ಆದರೂ ಇದರಿಂದ ಒಂದು ವಿಷಯ ತಿಳಿಯುತ್ತದೆ: ಓರೆ ಮಾಡುವುದನ್ನು ಕಲಿತವರಿಗೆ 16 ಮೀಟರಿನ ಸ್ಕೀ ಚಿಕ್ಕ ತಿರುವನ್ನೂ ಕೊಡುತ್ತದೆ, ಆದರೆ 12 ಮೀಟರಿನ ಸ್ಕೀಯಿಂದ ಉದ್ದ ತಿರುವನ್ನು ಅಂಚಿನ ಮೇಲೆಯೇ ಪಡೆಯುವುದು ಆಗದ ಮಾತು.

(ಸ್ಲೊವೇನಿಯಾದ ಎಲಾನ್ ಕಂಪನಿಯ ಎಸ್‌ಸಿಎಕ್ಸ್ ಎಂಬ, ಪಾರ್ಶ್ವ ಆಳವಾಗಿ ಬಾಗಿದ ಸ್ಕೀ 1990ರ ದಶಕದಲ್ಲಿ ಬರುವ ಮೊದಲು ಎಲ್ಲರೂ ಎರಡು ಮೀಟರ್ ಉದ್ದದ, ಹೆಚ್ಚುಕಡಿಮೆ ನೇರವಾದ ಸ್ಕೀಗಳಲ್ಲಿ ಇಳಿಯುತ್ತಿದ್ದರು, ನಾವು ಈಗ ತ್ರಿಜ್ಯದ ಎರಡು ಮೀಟರ್ ವ್ಯತ್ಯಾಸಕ್ಕಾಗಿ ಜಗಳವಾಡುತ್ತಿರುವುದನ್ನು ಆ ಕಾಲದವರು ನೋಡಿದರೆ ನಕ್ಕಾರು.)

ಹೆಡ್ ಸೂಪರ್‌ಶೇಪ್ ಸಾಲಿನ ಮ್ಯಾಗ್ನಮ್ ಮತ್ತು ರ‍್ಯಾಲಿ, ಫೋಲ್ಕ್ಲ್ ಡೀಕನ್ 76, ಸ್ಟ್ಯೋಕ್ಲಿ ಲೇಸರ್ ಎಎಕ್ಸ್ ಸ್ಕೀಗಳೆಲ್ಲ ಈ ಚರ್ಚೆಯ ವ್ಯಾಪ್ತಿಗೇ ಬರುತ್ತವೆ. ಕೊನೆಯದು ದುಬಾರಿ.

ಮ್ಯೂನಿಕ್ ವಾಸಿ

ಇಬ್ಬರಿಗೂ ಧನ್ಯವಾದಗಳು. 84 ಮಿ.ಮೀ. ಸೂಚಿಸಿದ ಅಂಗಡಿಯವರ ವಾದವೇನೆಂದರೆ, ಹೊಸ ಹಿಮ ಬಿದ್ದ ದಿನ ಇಳಿಜಾರಿನ ಬದಿಗೂ ಹೋಗಬಹುದು ಎಂಬುದು. ಕಿಟ್ಸ್‌ಬ್ಯೂಹೆಲ್ ಪಟ್ಟಣ ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿ ಮಾತ್ರ ಇದೆ. ಕೆಳಭಾಗದಲ್ಲಿ ಬಹುಪಾಲು ಯಂತ್ರದಿಂದ ತಯಾರಿಸಿದ ಹಿಮವೇ ಇರುತ್ತದೆ. ಇಂಥಲ್ಲಿ ಆ ಆಸೆಗಾಗಿ ಅಗಲ ಹೆಚ್ಚಿಸಿಕೊಳ್ಳುವುದು ಸರಿಯೇ?

ಇನ್ಸ್‌ಬ್ರುಕ್‌ನಿಂದ

ಸರಿಯಲ್ಲ. ಯಂತ್ರದ ಹಿಮದ ಕಣಗಳು ಸಣ್ಣವಾಗಿ, ದುಂಡಗೆ ಇರುವುದರಿಂದ ಅದು ಒತ್ತಾಗಿ ಕೂರುತ್ತದೆ, ರಾತ್ರಿಯ ಚಳಿಗೆ ಕಲ್ಲಿನಂತಾಗುತ್ತದೆ. ಅಲ್ಲಿ ಬೇಕಾದದ್ದು ಹಿಡಿತ. ಹದಗೊಳಿಸದ ಆಳ ಹಿಮದಲ್ಲಿ ನಿಜವಾಗಿ ತೇಲಲು 95 ಮಿ.ಮೀ. ಅಥವಾ ಅದಕ್ಕಿಂತ ಅಗಲದ ಸ್ಕೀ ಬೇಕು, 84 ಅದಕ್ಕೂ ಪೂರ್ತಿ ಒದಗುವುದಿಲ್ಲ. ಅಂಥ ದಿನ ಅಗಲ ಸ್ಕೀಯನ್ನು ಬಾಡಿಗೆಗೆ ಪಡೆಯಿರಿ. ಗುರುತಿಸಿದ ಇಳಿಜಾರಿನಾಚೆಗೆ ಹೋಗುವುದಾದರೆ ಹಿಮಕುಸಿತದ ತರಬೇತಿ ಮತ್ತು ಸಾಧನಗಳ ಪ್ರಶ್ನೆ ಮೊದಲು ಬರುತ್ತದೆ, ಸ್ಕೀಯದ್ದು ಆಮೇಲೆ.

ಗ್ರೆನೋಬಲ್‌ನಿಂದ

ತಡವಾಗಿ ಸೇರಿಕೊಳ್ಳುತ್ತಿದ್ದೇನೆ. ಅಂಚಿನ ಹರಿತದ ಬಗ್ಗೆ ಇದುವರೆಗೆ ಯಾರೂ ಮಾತನಾಡಿಲ್ಲ. ಬಾಡಿಗೆ ಸ್ಕೀಗಳ ಅಂಚು ಹಲವೊಮ್ಮೆ ಮೊಂಡಾಗಿರುವುದರಿಂದ, ನಿಮ್ಮ ಹಿಮ್ಮಡಿ ಜಾರುವುದಕ್ಕೆ ಅದೂ ಒಂದು ಕಾರಣವಿರಬಹುದು. ಹೊಸ ಸ್ಕೀ ಕೊಂಡಾಗ ಪಾರ್ಶ್ವದ ಕೋನ, ಅಂದರೆ ಅಂಚಿನ ಪಕ್ಕದ ಮುಖ ತಳದೊಂದಿಗೆ ಮಾಡುವ ಕೋನ, ಎಷ್ಟೆಂದು ಕೇಳಿ. 88 ಡಿಗ್ರಿ ಸಾಮಾನ್ಯ, 87 ಡಿಗ್ರಿ ಗಟ್ಟಿ ಹಿಮಕ್ಕೆ ಇನ್ನೂ ಚೆನ್ನ. ಕೈಯಲ್ಲಿ ಹಿಡಿದು ಉಜ್ಜುವ ಒಂದು ಅರ ಮತ್ತು ಕೋನ ಹಿಡಿಯುವ ಚೌಕಟ್ಟು ಕೊಂಡು, ಕೆಲವು ದಿನಗಳ ಬಳಕೆಯ ನಂತರ ಮನೆಯಲ್ಲೇ ಹದ ಮಾಡಿಕೊಳ್ಳುವುದು ಕಷ್ಟವಲ್ಲ. ಹರಿತ ಕಳೆದುಕೊಂಡ 68 ಮಿ.ಮೀ. ಸ್ಕೀಗಿಂತ ಹರಿತವಾದ 78 ಮಿ.ಮೀ. ಸ್ಕೀ ಸಾವಿರ ಪಾಲು ಮೇಲು.

ಎರಡನೆಯದು ಬೂಟು. ಒಳಗೆ ಕಾಲು ಅಲುಗಾಡುವ ಬೂಟನ್ನು ಹಾಕಿಕೊಂಡು ಯಾವ ಸ್ಕೀಯನ್ನೂ ಸರಿಯಾಗಿ ಓರೆ ಮಾಡಲಾಗದು. ನಿಮ್ಮ ಬೂಟೂ ಬಾಡಿಗೆಯದಾಗಿದ್ದರೆ, ಹಣವನ್ನು ಮೊದಲು ಅದಕ್ಕೆ ಹಾಕಿ. ಸ್ಕೀ ಒಂದು ವರ್ಷ ಕಾಯಲಿ. ಬೂಟಿನ ತಳ ಗ್ರಿಪ್‌ವಾಕ್ (ನಡೆಯಲು ಅನುಕೂಲವಾದ) ಮಾದರಿಯದಾಗಿದ್ದರೆ, ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ಅದಕ್ಕೆ ಹೊಂದುತ್ತದೆಯೇ ಎಂದು ನೋಡಬೇಕು. ಬಿಡುಗಡೆಯ ಅಂಕವನ್ನು, ಅಂದರೆ ಎಷ್ಟು ಬಲಕ್ಕೆ ಬೈಂಡಿಂಗ್ ಬೂಟನ್ನು ಬಿಡಬೇಕೆಂಬ ಸಂಖ್ಯೆಯನ್ನು, ನಿಮ್ಮ ತೂಕ, ಎತ್ತರ, ವಯಸ್ಸು, ತಳದ ಉದ್ದ ಮತ್ತು ಸ್ಕೀ ಮಾಡುವ ರೀತಿಯನ್ನು ಆಧರಿಸಿ ಅಂಗಡಿಯವರಿಂದಲೇ ಹೊಂದಿಸಿಕೊಳ್ಳಿ, ಸ್ನೇಹಿತರ ಅಂಕವನ್ನು ನಕಲು ಮಾಡಬೇಡಿ.

ಮ್ಯೂನಿಕ್ ವಾಸಿ

ಬೂಟು ಸ್ವಂತದ್ದೇ, ಕಾಲಿಗೆ ಹೊಂದಿಸಿ ಮಾಡಿಸಿದ್ದು, ತಳ ಗ್ರಿಪ್‌ವಾಕ್. ಹಾಗಾಗಿ 72 ಮತ್ತು 78 ಮಿ.ಮೀ.ನ ಎರಡು ಜೋಡಿಗಳನ್ನು ಪರೀಕ್ಷೆಗೆ ಪಡೆದು, ಎರಡನ್ನೂ ಅಂಚು ಹರಿತ ಮಾಡಿಸಿ, ಬೆಳಿಗ್ಗೆಯೂ ಮಧ್ಯಾಹ್ನವೂ ಅದೇ ಕೆಂಪು ಇಳಿಜಾರಿನಲ್ಲಿ ಓಡಿಸಿ ನೋಡುತ್ತೇನೆ.

ಜ್ಯೂರಿಕ್‌ನಿಂದ

ಒಳ್ಳೆಯ ಯೋಜನೆ. ಪರೀಕ್ಷೆಯ ಬಾಡಿಗೆಯನ್ನು ಕೊಳ್ಳುವಾಗ ಬೆಲೆಯಿಂದ ಕಳೆಯುವ ಅಂಗಡಿಗಳು ಸಾಕಷ್ಟಿವೆ, ಮೊದಲೇ ಕೇಳಿಕೊಳ್ಳಿ. ಎರಡು ಜೋಡಿಗಳ ಉದ್ದವೂ ತ್ರಿಜ್ಯವೂ ಆದಷ್ಟು ಹತ್ತಿರವಿರಲಿ, ಇಲ್ಲದಿದ್ದರೆ ನೀವು ಅಳೆದದ್ದು ಅಗಲವನ್ನೋ ಉದ್ದವನ್ನೋ ಎಂಬುದೇ ಗೊತ್ತಾಗುವುದಿಲ್ಲ.