ಪ್ರವಾಸದಲ್ಲಿ ಕಟ್ಟಡಗಳ ಸ್ಕೆಚ್ ಬೇಗ ಮುಗಿಸೋದು ಹೇಗೆ? ಅನುಭವ ಇರೋರು ಹೇಳಿ

ಪ್ರಶ್ನೆ: ಊರೂರು ಸುತ್ತುವಾಗ ಹಳೇ ಕಟ್ಟಡಗಳ ಎದುರು ಕೂತು ಸ್ಕೆಚ್ ಮಾಡ್ತೀನಿ, ಆದ್ರೆ ಅರ್ಧ ಗಂಟೆ ಆದ್ರೂ ಬರೀ ಕಿಟಕಿ, ಕಂಬ ಅಷ್ಟೇ ಆಗಿರುತ್ತೆ, ಅಷ್ಟೊತ್ತಿಗೆ ಜೊತೆಲಿರೋರು ಹೊರಡೋಣ ಅಂತಾರೆ. ನೀವೆಲ್ಲ ಹೇಗೆ ಮಾಡ್ತೀರ?

ಉತ್ತರ: ಕಿಟಕಿಯಿಂದ ಶುರು ಮಾಡೋದನ್ನ ಮೊದ್ಲು ಬಿಡಿ. ಆಕಾಶಕ್ಕೆ ಎದುರಾಗಿ ಇಡೀ ಕಟ್ಟಡದ ಆಕಾರ ಹೇಗೆ ಕಾಣುತ್ತೋ ಆ ಹೊರಗೆರೆ ಮಾತ್ರ ಹಾಕಿ, ಪೆನ್ಸಿಲ್ ಹಿಡಿದು ಕೈ ಪೂರ್ತಿ ಚಾಚಿ ಒಂದು ಕಣ್ಣು ಮುಚ್ಚಿ ಎತ್ತರಕ್ಕೆ ಅಗಲ ಎಷ್ಟು ಪಾಲು ಅಂತ ಅಳೆದ್ಕೊಳ್ಳಿ, ಆಮೇಲೆ ನಿಮ್ಮ ಕಣ್ಣಿನ ಮಟ್ಟಕ್ಕೆ ತೆಳುವಾಗಿ ಒಂದು ಅಡ್ಡಗೆರೆ. ಅದಕ್ಕಿಂತ ಮೇಲಿರೋ ಸೂರಿನ ಗೆರೆಗಳು ದೂರ ಹೋಗ್ತಾ ಇಳಿಯುತ್ತೆ, ಕೆಳಗಿರೋ ಮೆಟ್ಟಿಲಿನ ಗೆರೆಗಳು ಏರುತ್ತೆ. ನೆಲ ಸಮ ಇದ್ದು ನೀವು ನಿಂತು ಬಿಡಿಸ್ತಿದ್ರೆ ಓಡಾಡೋರು ಹತ್ತಿರ ಇರ್ಲಿ ದೂರ ಇರ್ಲಿ ತಲೆಗಳು ಹೆಚ್ಚುಕಮ್ಮಿ ಆ ಗೆರೆ ಮೇಲೇ ಬರುತ್ತೆ, ಜನರನ್ನ ಸೇರಿಸೋಕೆ ಇದಕ್ಕಿಂತ ಸುಲಭದ ದಾರಿ ನಂಗೆ ಗೊತ್ತಿಲ್ಲ.

ತಕ್ಷಣ ನೆರಳಿನ ಅಂಚು ಗುರುತು ಮಾಡಿ! ಸೂರ್ಯ ಗಂಟೆಗೆ 15 ಡಿಗ್ರಿ ಸರೀತಾನೆ, ನೆರಳು ಬದಲಾಯ್ತು ಅಂತ ನೀವೂ ಬದಲಾಯಿಸ್ತಾ ಹೋದ್ರೆ ಚಿತ್ರದಲ್ಲಿ ಬೆಳಕು ಎರಡು ಕಡೆಯಿಂದ ಬಂದಂಗಾಗುತ್ತೆ. ಕೊನೇಲಿ ಟೈಮ್ ಉಳಿದ್ರೆ ಒಂದೇ ಒಂದು ಕಿಟಕಿ ಚೆನ್ನಾಗಿ ಬಿಡಿಸಿ, ಉಳಿದವಕ್ಕೆ ಗಾಢವಾದ ಒಂದೊಂದು ಗುರುತು ಸಾಕು, ನೋಡೋರ ಕಣ್ಣೇ ತುಂಬ್ಕೊಳ್ಳುತ್ತೆ.

ಉತ್ತರ: ಮೇಲಿನವರು ಹೇಳಿದ್ದು ಸರಿ, ಬಣ್ಣದ ಬಗ್ಗೆ ನಾನು ಹೇಳ್ತೀನಿ. ಇಂಗ್ಲೆಂಡಿನ ಚಿತ್ರಕಾರ ಟರ್ನರ್ 1819ರಲ್ಲಿ ಇಟಲಿಗೆ ಹೋಗಿದ್ದಾಗ ಹೊರಗೆ ಕೂತು ಬಣ್ಣ ಹಚ್ಚೋಕೆ ತುಂಬಾ ಹೊತ್ತು ಹಿಡಿಯುತ್ತೆ, ಒಂದು ಬಣ್ಣದ ಚಿತ್ರದ ಹೊತ್ತಲ್ಲಿ 15-16 ಪೆನ್ಸಿಲ್ ಸ್ಕೆಚ್ ಆಗುತ್ತೆ ಅಂದಿದ್ರಂತೆ. ನಂದೂ ಅದೇ ದಾರಿ, ಸ್ಕೆಚ್ ಮೇಲೇ "ಇಲ್ಲಿ ತಿಳಿ ಕಾವಿ, ನೆರಳು ನೀಲಿ" ಅಂತ ಬರ್ಕೊಂಡು ಬಣ್ಣ ರೂಮಿಗೆ ಬಂದು ಹಚ್ತೀನಿ.

ಉತ್ತರ: ಬಣ್ಣದ ವಿಷ್ಯದಲ್ಲಿ ನಾನು ಒಪ್ಪಲ್ಲ, ಕ್ಷಮಿಸಿ. ಫೋಟೋ ನೋಡ್ಕೊಂಡು ಹಚ್ಚಿದ್ರಂತೂ ನೆರಳು ಬರೀ ಕಪ್ಪಾಗಿ ಬರುತ್ತೆ, ಆದ್ರೆ ಅಲ್ಲೇ ಕೂತು ನೋಡಿದ್ರೆ ನೆಲದಿಂದ ಮೇಲಕ್ಕೆ ಹೊಡೆಯೋ ಬೆಳಕಿಗೆ ಕಮಾನಿನ ಒಳಭಾಗ ಬೆಚ್ಚಗೆ ಹೊಳೀತಿರುತ್ತೆ. ಅದನ್ನ ಬಿಟ್ಟು ಬರೋಕೆ ನಂಗೆ ಮನಸ್ಸಾಗಲ್ಲ. ಎರಡು ಮೂರು ಬಣ್ಣ ಸಾಕು, ನೆರಳಿಗೆ ಒಂದೇ ವಾಶ್ (ನೀರು ಬೆರೆಸಿದ ತೆಳು ಬಣ್ಣ) ಹೊಡೆದು ಬನ್ನಿ. ಪೆನ್ ಮಾತ್ರ ವಾಟರ್‌ಪ್ರೂಫ್ ಇಂಕಿಂದೇ ಇರ್ಲಿ, ಪೇಪರ್ 300 ಜಿಎಸ್ಎಂ (ಚದರ ಮೀಟರಿಗೆ 300 ಗ್ರಾಂ ತೂಗೋ ದಪ್ಪ ಪೇಪರ್) ಇದ್ರೆ ನೀರು ಬಿದ್ರೂ ಅಷ್ಟಾಗಿ ಸುರುಟಿಕೊಳ್ಳಲ್ಲ.